ಪಾರ್ಟ್ ಫೈಲುಗಳ ಹೆಸರು ಬದಲಿಸಿದೆ, ಅಸೆಂಬ್ಲಿ ತೆರೆಯುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ (ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ) ತಂತ್ರಾಂಶದಲ್ಲಿ ಒಂದು ಯಂತ್ರದ ಡಿಸೈನ್ ಮಾಡುತ್ತಿದ್ದೇನೆ. ಸುಮಾರು 140 ಪಾರ್ಟ್‌ಗಳಿವೆ. ಶುರುವಿನಲ್ಲಿ ಅವಸರಕ್ಕೆ ‘ಪಾರ್ಟ್1’, ‘ಪಾರ್ಟ್2’, ‘ಬ್ರಾಕೆಟ್ ಹೊಸದು’, ‘ಬ್ರಾಕೆಟ್ ಫೈನಲ್’ ಅಂತೆಲ್ಲ ಹೆಸರು ಕೊಟ್ಟಿದ್ದೆ. ಮೊನ್ನೆ ಕೂತು ವಿಂಡೋಸ್ ಫೋಲ್ಡರಿನಲ್ಲೇ ಎಲ್ಲದಕ್ಕೂ ಚೆಂದದ ಹೆಸರು ಕೊಟ್ಟೆ. ಈಗ ಅಸೆಂಬ್ಲಿ (ಪಾರ್ಟ್‌ಗಳನ್ನೆಲ್ಲ ಜೋಡಿಸಿದ ಫೈಲ್) ತೆರೆದರೆ ಫೈಲ್ ಸಿಗುತ್ತಿಲ್ಲ ಎಂದು ಒಂದೊಂದಕ್ಕೂ ಕೇಳುತ್ತಿದೆ. ಡ್ರಾಯಿಂಗ್‌ಗಳೂ ಖಾಲಿ. ಇದನ್ನು ಸರಿಮಾಡುವುದು ಹೇಗೆ? ಮುಂದೆ ಹೆಸರಿಡಲು ಸರಿಯಾದ ಕ್ರಮ ಯಾವುದು?

ಉತ್ತರ: ಮೊದಲಿಗೆ, ಆ ಅಸೆಂಬ್ಲಿಯನ್ನು ಸೇವ್ ಮಾಡಬೇಡಿ. ಡ್ರಾಯಿಂಗ್‌ಗಳನ್ನೂ ಮಾಡಬೇಡಿ. ತೆರೆದಿದ್ದರೆ ಸೇವ್ ಮಾಡದೆ ಮುಚ್ಚಿ. ಪಾರ್ಟ್ ಸಿಗದ ಸ್ಥಿತಿಯಲ್ಲಿ ಸೇವ್ ಮಾಡಿದರೆ ಕಾಂಪೊನೆಂಟ್‌ಗಳು ಸಪ್ರೆಸ್ ಆಗಿ, ಅಂದರೆ ಲೋಡ್ ಆಗದೆ, ಕೂರುತ್ತವೆ, ಡ್ರಾಯಿಂಗಿನ ಅಳತೆಗಳು ಹಿಡಿತ ತಪ್ಪುತ್ತವೆ, ಆಮೇಲೆ ಕೆಲಸ ಜಾಸ್ತಿ. ಇಷ್ಟು ಮಾಡಿದ್ದರೆ ಗಾಬರಿ ಬೇಡ. ನೀವು ಮಾಡಿದ ಜಾಮೆಟ್ರಿ ಎಲ್ಲೂ ಹೋಗಿಲ್ಲ. ಫೈಲುಗಳ ನಡುವಿನ ಕೊಂಡಿ ಮಾತ್ರ ಕಳಚಿದೆ.

ಆಮೇಲೆ ಇಡೀ ಫೋಲ್ಡರನ್ನು ಈಗಿರುವ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಸರಿಮಾಡುವಾಗ ಏನಾದರೂ ತಪ್ಪಿದರೆ ವಾಪಸ್ ಬರಲು ಒಂದು ಜಾಗ ಇರಬೇಕು.

ಈಗ, ಇದು ಯಾಕೆ ಹೀಗಾಯಿತು ಎಂದು ನೋಡೋಣ. ಇದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಅಸೆಂಬ್ಲಿ ಫೈಲಿನೊಳಗೆ ಪಾರ್ಟ್‌ಗಳು ಇರುತ್ತವೆ ಎಂದು ನಮಗೆ ಅನಿಸುತ್ತದೆ, ಅಲ್ವಾ? ನಿಜಕ್ಕೂ ಅಲ್ಲಿರುವುದು ವಿಳಾಸಗಳ ಪಟ್ಟಿ. ಈ ಡ್ರೈವ್, ಈ ಫೋಲ್ಡರ್, ಈ ಹೆಸರಿನ ಫೈಲ್. ಅದನ್ನು ಈ ಜಾಗದಲ್ಲಿ ಕೂರಿಸು, ಈ ಮುಖವನ್ನು ಆ ಮುಖಕ್ಕೆ ಮೇಟ್ ಮಾಡು, ಅಂದರೆ ಜೋಡಿಸು. ತೆರೆದ ಕೂಡಲೇ ತೋರಿಸಲು ಬೇಕಾದ ಚಿತ್ರ ಒಂದಿಷ್ಟು ಇರಬಹುದು, ಆದರೆ ಅಸಲು ಪಾರ್ಟ್ ಹೊರಗೆ ತನ್ನ ಫೈಲಿನಲ್ಲೇ ಇದೆ. ಡ್ರಾಯಿಂಗ್ ಕೂಡ ಹಾಗೆಯೇ. ನೀವು ವಿಂಡೋಸ್‌ನಲ್ಲಿ ಹೆಸರು ಬದಲಿಸಿದಾಗ ಸಾಲಿಡ್‌ವರ್ಕ್ಸ್‌ಗೆ ಸುದ್ದಿಯೇ ಹೋಗಿಲ್ಲ. ಮನೆ ನಂಬರ್ ಬದಲಿಸಿ ಯಾರಿಗೂ ಹೇಳದೆ ಇದ್ದ ಹಾಗಾಯಿತು.

ಒಂದು ಪಾರ್ಟಿನ ವಿಳಾಸ ಅಸೆಂಬ್ಲಿಯ ಹತ್ತಿರ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ. ಅದರ ಡ್ರಾಯಿಂಗಿನಲ್ಲಿ ಇರುತ್ತದೆ. ಅದನ್ನು ಮಿರರ್ ಮಾಡಿ ಎಡಗೈ ಪಾರ್ಟ್ ಮಾಡಿದ್ದರೆ ಅದರಲ್ಲಿ ಇರುತ್ತದೆ. ಅಸೆಂಬ್ಲಿಯೊಳಗೆ ಕೂತು ಒಂದು ಪಾರ್ಟಿನ ಅಂಚು ನೋಡಿ ಇನ್ನೊಂದರ ಸ್ಕೆಚ್ ಎಳೆದಿದ್ದರೆ ಅಲ್ಲೂ ಇರುತ್ತದೆ. ಟ್ರೀಯಲ್ಲಿ, ಅಂದರೆ ಪರದೆಯ ಬದಿಯ ಪಟ್ಟಿಯಲ್ಲಿ, ಪಾರ್ಟಿನ ಹೆಸರಿನ ಮುಂದೆ -> ಎಂಬ ಬಾಣ ಕಾಣುತ್ತದಲ್ಲ, ಅದು ಈ ಗುರುತು. ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಆ ಕೊಂಡಿ ಈಗ ಸಿಗುತ್ತಿಲ್ಲ ಎಂದರ್ಥ. ಆದ್ದರಿಂದ ಹೆಸರು ಬದಲಿಸುವ ಮುಂಚೆ ‘ಈ ಪಾರ್ಟನ್ನು ಯಾರ‍್ಯಾರು ಬಳಸುತ್ತಿದ್ದಾರೆ’ ಎಂದು ಮೊದಲು ಕೇಳಿಕೊಳ್ಳಬೇಕು.

ಸರಿಮಾಡುವ ದಾರಿಗೆ ಬರೋಣ. ಹೊಸ ಹೆಸರುಗಳಿಗೆ ಒಂದೊಂದಾಗಿ ದಾರಿ ತೋರಿಸುತ್ತಾ ಹೋಗಬೇಡಿ. 140 ಪಾರ್ಟ್‌ಗಳಲ್ಲಿ ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ. ನನ್ನ ಸಲಹೆ: ಮೊದಲು ಹಳೆಯ ಹೆಸರುಗಳಿಗೇ ವಾಪಸ್ ಹೋಗಿ. ಹಳೆಯ ಹೆಸರು ಬಂದರೆ ಅಸೆಂಬ್ಲಿ, ಡ್ರಾಯಿಂಗ್, ಮಿರರ್ ಪಾರ್ಟ್ ಎಲ್ಲವೂ ಒಂದೇ ಸಲಕ್ಕೆ ಸರಿಹೋಗುತ್ತವೆ. ಕೊಂಡಿಗಳೆಲ್ಲ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿವೆ ತಾನೇ.

ಕಂಪ್ಯೂಟರನ್ನು ಆಮೇಲೆ ಮುಚ್ಚಿಯೇ ಇಲ್ಲದಿದ್ದರೆ ಫೋಲ್ಡರಿನಲ್ಲಿ ಕಂಟ್ರೋಲ್ ಝಡ್ ಒತ್ತಿ ನೋಡಿ. ಕೆಲವು ಹೆಸರುಗಳಾದರೂ ಹಿಂದಕ್ಕೆ ಬರಬಹುದು. ಬ್ಯಾಕಪ್ ಇದ್ದರೆ, ಅಥವಾ ಫೋಲ್ಡರ್ ಕ್ಲೌಡ್‌ನಲ್ಲಿದ್ದು ಹಳೆಯ ಆವೃತ್ತಿ ಸಿಗುವುದಾದರೆ ಇನ್ನೂ ಒಳ್ಳೆಯದು. ಎರಡೂ ಇಲ್ಲವೆಂದರೆ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹೊಂದಿಸಿದ ಒಂದು ಪಟ್ಟಿ ಮಾಡಬೇಕಾಗುತ್ತದೆ. ಹಳೆಯ ಹೆಸರುಗಳು ಅಸೆಂಬ್ಲಿಯಲ್ಲೇ ಇವೆ. ಓಪನ್ ಪೆಟ್ಟಿಗೆಯಲ್ಲಿ ಅಸೆಂಬ್ಲಿಯನ್ನು ಆಯ್ಕೆ ಮಾಡಿ, ತೆರೆಯದೆ, ಅಲ್ಲೇ ಇರುವ ರೆಫರೆನ್ಸಸ್ ಬಟನ್ ಒತ್ತಿ. ಅದು ಹುಡುಕುತ್ತಿರುವ ಫೈಲುಗಳ ಪಟ್ಟಿ ಪೂರ್ತಿ ಬರುತ್ತದೆ.

ಯಾವ ಹೊಸ ಹೆಸರು ಯಾವ ಹಳೆಯದ್ದು ಎಂದು ನೆನಪಿಲ್ಲವೇ? ಇಲ್ಲೊಂದು ಉಪಾಯವಿದೆ. ಹೆಸರು ಬದಲಿಸಿದರೆ ಫೈಲಿನ ಗಾತ್ರವಾಗಲಿ, ಕೊನೆಯ ಸಲ ತಿದ್ದಿದ ದಿನಾಂಕವಾಗಲಿ ಬದಲಾಗುವುದಿಲ್ಲ. ಯಾರಿಗಾದರೂ ಹಿಂದೆ ಕಳಿಸಿದ ಝಿಪ್, ಪೆನ್‌ಡ್ರೈವ್‌ನಲ್ಲಿ ಉಳಿದ ನಕಲು, ಏನೇ ಸಿಕ್ಕರೂ ಅದನ್ನು ತೆರೆದು ಗಾತ್ರವನ್ನೂ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ‘ಪಾರ್ಟ್37’ ಎಂಬ ಫೈಲಿಗೆ ಇರುವ ಗಾತ್ರ ಮತ್ತು ನಿಮಿಷದವರೆಗಿನ ಸಮಯ ಇಲ್ಲಿ ‘ಶಾಫ್ಟ್ ಕವರ್’ ಎಂಬುದಕ್ಕೂ ಇದ್ದರೆ ಎರಡೂ ಒಂದೇ. ಆ ನಕಲಿನ ನಂತರ ತಿದ್ದಿದ ಪಾರ್ಟ್‌ಗಳು ಮಾತ್ರ ಉಳಿಯುತ್ತವೆ. ಅವನ್ನು ಕಣ್ಣಿನಿಂದ ನೋಡಿ ಹೊಂದಿಸಬಹುದು. ಪಟ್ಟಿ ಆದಮೇಲೆ ಎಕ್ಸೆಲ್‌ನಲ್ಲಿ ಒಂದು ಕಾಲಂ ಹೊಸ ಹೆಸರು, ಇನ್ನೊಂದು ಹಳೆಯದು ಇಟ್ಟು, ಪ್ರತಿ ಸಾಲನ್ನೂ ರೆನ್ (ಹೆಸರು ಬದಲಿಸುವ ವಿಂಡೋಸ್) ಕಮಾಂಡ್ ಆಗಿ ಮಾಡಿ, ಅವನ್ನೆಲ್ಲ ಸೇರಿಸಿದ ಬ್ಯಾಚ್ ಫೈಲ್ ಓಡಿಸಿದರೆ 140 ಹೆಸರೂ ಕ್ಷಣದಲ್ಲಿ ಹಿಂದಕ್ಕೆ ಬರುತ್ತವೆ. ಹೆಸರಿನಲ್ಲಿ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕುವುದನ್ನು ಮರೆಯಬೇಡಿ.

ನಿಮ್ಮ ವಿಷಯದಲ್ಲಿ ಒಂದು ಒಳ್ಳೆಯದಾಗಿದೆ. ಫೈಲ್ ಸಿಗುತ್ತಿಲ್ಲ ಎಂದು ಸಾಲಿಡ್‌ವರ್ಕ್ಸ್ ಹೇಳಿತು. ಹೇಳದೇ ಇದ್ದಾಗ ಆಗುವ ನಷ್ಟ ಇನ್ನೂ ದೊಡ್ಡದು. ಅಸೆಂಬ್ಲಿ ತೆರೆಯುವಾಗ ಸಾಲಿಡ್‌ವರ್ಕ್ಸ್ ಪಾರ್ಟನ್ನು ಮೊದಲು ಹುಡುಕುವುದು ಡಿಸ್ಕಿನಲ್ಲಿ ಅಲ್ಲ, ಆಗಲೇ ತೆರೆದಿರುವ ಫೈಲುಗಳಲ್ಲಿ. ಅದೇ ಹೆಸರಿನ ಫೈಲ್ ಮೆಮೊರಿಯಲ್ಲಿ ಇದ್ದರೆ ಅದನ್ನೇ ಎತ್ತಿಕೊಳ್ಳುತ್ತದೆ, ಅದು ಬೇರೆ ಫೋಲ್ಡರಿನದಾದರೂ ಸರಿ.

ನನಗೇ ಒಮ್ಮೆ ಹೀಗಾಗಿದೆ. ಎರಡು ಪ್ರಾಜೆಕ್ಟ್, ಎರಡರಲ್ಲೂ ‘ಬೇಸ್‌ಪ್ಲೇಟ್’ ಎಂಬ ಪಾರ್ಟ್. ಹಳೆಯದರಲ್ಲಿ ತೂತುಗಳ ನಡುವೆ 120 ಮಿಲಿಮೀಟರ್, ಹೊಸದರಲ್ಲಿ 125. ಹಳೆಯ ಪ್ಲೇಟಿನ ದಪ್ಪ ಎಷ್ಟಿತ್ತು ಎಂದು ನೋಡಲು ತೆರೆದಿದ್ದೆ, ಮುಚ್ಚಿರಲಿಲ್ಲ. ಅದರ ಮೇಲೆಯೇ ಹೊಸ ಅಸೆಂಬ್ಲಿ ತೆರೆದೆ. ಎರಡು ಮೇಟ್ ಕೆಂಪಾದವು. ತೂತು ಸರಿಯಾಗಿ ಕೂತಿಲ್ಲ ಎಂದುಕೊಂಡು, ಮೇಟ್ ಅಳಿಸಿ ಹೊಸದಾಗಿ ಕೊಟ್ಟೆ. ಸೇವ್ ಮಾಡಿದೆ. ಆ ಕ್ಷಣದಿಂದ ಹೊಸ ಅಸೆಂಬ್ಲಿಯ ವಿಳಾಸಪಟ್ಟಿಯಲ್ಲಿ ಹಳೆಯ ಪ್ರಾಜೆಕ್ಟಿನ ಪ್ಲೇಟ್ ಬಂದು ಕೂತಿತು. ಮೋಟಾರ್ ಬಂದು ಪ್ಲೇಟಿನ ಮೇಲೆ ಇಟ್ಟು ನೋಡಿದಾಗ, ನಾಲ್ಕು ಬೋಲ್ಟಿನಲ್ಲಿ ಒಂದೂ ಇಳಿಯಲಿಲ್ಲ. ಪ್ಲೇಟ್ ಕತ್ತರಿಸಿ ಆಗಿತ್ತು. ಅವತ್ತಿನಿಂದ ನಾನು ಒಂದು ಹೆಸರನ್ನು ಎರಡು ಕಡೆ ಬಳಸಿಲ್ಲ. ಮೇಟ್ ಕೆಂಪಾದರೆ ಮೊದಲು ಫೈಂಡ್ ರೆಫರೆನ್ಸಸ್ ತೆರೆದು ಪಾರ್ಟ್ ಎಲ್ಲಿಂದ ಬಂದಿದೆ ಎಂದು ನೋಡುತ್ತೇನೆ, ಆಮೇಲೆ ಮೇಟ್.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಹೆಸರಿನ ಕ್ರಮಕ್ಕೆ, ನನ್ನ ಮೊದಲ ಷರತ್ತು ಇದೇ: ನಿಮ್ಮ ತಂಡದ ಎಲ್ಲ ಪ್ರಾಜೆಕ್ಟ್ ಸೇರಿ ಒಂದು ಹೆಸರು ಒಂದೇ ಸಲ ಬರಬೇಕು. ಎರಡನೆಯದು, ಆ ಹೆಸರನ್ನು ಬದಲಿಸುವ ಅಗತ್ಯವೇ ಬರಬಾರದು. ಬದಲಾಗುವಂಥದ್ದನ್ನು ಹೆಸರಿನಲ್ಲಿ ಇಡದಿದ್ದರೆ ಅದು ಸಾಧ್ಯ.

ಬದಲಾಗುವಂಥದ್ದು ಎಂದರೆ ಏನೇನು? ಜನ ಮೊದಲು ಹೆಸರಿನಲ್ಲಿ ತುಂಬುವುದೇ ಅದನ್ನು. ಪ್ಲೇಟ್ ಎಸ್‌ಎಸ್304 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್), 6 ಮಿಲಿಮೀಟರ್ ದಪ್ಪ ಎಂದುಕೊಳ್ಳಿ. ಹೆಸರಿನಲ್ಲೇ ‘ಎಸ್‌ಎಸ್304-ಪ್ಲೇಟ್-6’ ಎಂದು ಬರೆದರೆ ನೋಡಿದ ಕೂಡಲೇ ಎಲ್ಲ ಗೊತ್ತಾಗುತ್ತದೆ, ಬಹಳ ಅನುಕೂಲ ಅನಿಸುತ್ತದೆ. ಮೂರು ತಿಂಗಳ ನಂತರ ತುಕ್ಕಿನ ಕಾರಣಕ್ಕೆ ಎಸ್‌ಎಸ್316 ಮಾಡಬೇಕಾಗುತ್ತದೆ, ದಪ್ಪ 8 ಆಗುತ್ತದೆ. ಈಗ ಎರಡೇ ದಾರಿ. ಹೆಸರು ಬದಲಿಸಿ, ಅದನ್ನು ಬಳಸಿದ ಎಲ್ಲ ಅಸೆಂಬ್ಲಿ, ಡ್ರಾಯಿಂಗ್ ಹುಡುಕುತ್ತಾ ಹೋಗಬೇಕು. ಇಲ್ಲವೇ ಹೆಸರು ಸುಳ್ಳು ಹೇಳುತ್ತಿದೆ ಎಂದು ಗೊತ್ತಿದ್ದೂ ಹಾಗೇ ಬಿಡಬೇಕು. ನಾನು ನೋಡಿದ ಮಟ್ಟಿಗೆ ಜನ ಹಾಗೇ ಬಿಡುತ್ತಾರೆ. ಖರೀದಿ ಮಾಡುವವರು ಆ ಹೆಸರನ್ನು ನಂಬಿ 304 ತರಿಸುತ್ತಾರೆ.

ಹೆಸರಿನಲ್ಲಿ ಅರ್ಥ ತುಂಬಬೇಕೋ ಬರೀ ಸಂಖ್ಯೆ ಸಾಕೋ ಎಂಬುದು ಡಿಸೈನ್ ಮಾಡುವವರ ನಡುವೆ ಹಳೆಯ ವಾದ. ನಾನು ಸಂಖ್ಯೆಯ ಪಕ್ಷ. ಪ್ರಾಜೆಕ್ಟಿಗೆ ಮೂರು ಅಕ್ಷರದ ಗುರುತು, ಒಂದು ಅಡ್ಡಗೆರೆ, ಐದು ಅಂಕಿ. ‘ಕೆಆರ್‌ಎಂ-01042’ ಎನ್ನುವ ಥರ, ಅಷ್ಟೇ. ಒಂದೇ ಪಾರ್ಟ್ ಹಲವು ಪ್ರಾಜೆಕ್ಟಿಗೆ ಹೋಗುವುದಾದರೆ ಆ ಮೂರು ಅಕ್ಷರವೂ ಬೇಡ. ‘ಇದು ಏನು’ ಎಂಬ ವಿವರಣೆ, ಮಟೀರಿಯಲ್, ದಪ್ಪ, ರಿವಿಷನ್ (ಎಷ್ಟನೇ ತಿದ್ದುಪಡಿ) ಎಲ್ಲವೂ ಫೈಲಿನ ಕಸ್ಟಮ್ ಪ್ರಾಪರ್ಟಿಯಲ್ಲಿ, ಅಂದರೆ ಫೈಲಿನೊಳಗೆ ಮಾಹಿತಿ ಬರೆದಿಡುವ ಜಾಗದಲ್ಲಿ, ಇರಲಿ. ಡ್ರಾಯಿಂಗಿನ ಟೈಟಲ್ ಬ್ಲಾಕ್ (ಮೂಲೆಯ ವಿವರಪಟ್ಟಿ) ಮತ್ತು ಬಿಲ್ ಆಫ್ ಮಟೀರಿಯಲ್ (ಬೇಕಾದ ಪಾರ್ಟ್‌ಗಳ ಪಟ್ಟಿ) ಅಲ್ಲಿಂದಲೇ ತಾನಾಗಿ ತುಂಬಿಕೊಳ್ಳುತ್ತವೆ. ಟ್ರೀಯಲ್ಲಿ ಬರೀ ಸಂಖ್ಯೆ ನೋಡಿ ತಲೆ ಕೆಡುತ್ತದೆ ಎಂದರೆ ಅಲ್ಲೂ ವಿವರಣೆ ತೋರಿಸುವ ಸೆಟ್ಟಿಂಗ್ ಇದೆ. ಮೊದಲ ವಾರ ಕಷ್ಟ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಇನ್ನೂ ಮನಸ್ಸು ಒಪ್ಪದಿದ್ದರೆ ಸಂಖ್ಯೆಯ ನಂತರ ಒಂದು ಸಣ್ಣ ಪದ ಸೇರಿಸಿ. ‘ಕೆಆರ್‌ಎಂ-01042_ಬ್ರಾಕೆಟ್’. ಬ್ರಾಕೆಟ್ ಬ್ರಾಕೆಟ್ ಆಗಿಯೇ ಉಳಿಯುತ್ತದೆ, ಅದರ ದಪ್ಪ ಉಳಿಯುವುದಿಲ್ಲ.

ಸಂಖ್ಯೆ ಹಂಚುವುದಕ್ಕೆ ಒಂದೇ ಒಂದು ಪಟ್ಟಿ ಇರಲಿ. ಮೊದಲು ಪಟ್ಟಿಯಲ್ಲಿ ಸಂಖ್ಯೆ ತೆಗೆದುಕೊಳ್ಳಿ, ಆಮೇಲೆ ಫೈಲ್ ಮಾಡಿ. ಇಬ್ಬರು ಬೇರೆ ಬೇರೆ ಕಡೆ ಕೂತು ಕೆಲಸ ಮಾಡುವುದಾದರೆ ಒಬ್ಬರಿಗೆ 01000ದಿಂದ, ಇನ್ನೊಬ್ಬರಿಗೆ 02000ದಿಂದ ಕೊಟ್ಟುಬಿಡಿ. ಮುಂದಿನ ಸೊನ್ನೆಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ಎಷ್ಟೋ ತಂತ್ರಾಂಶಗಳಲ್ಲಿ 1ರ ನಂತರ 10 ಬರುತ್ತದೆ, ಆಮೇಲೆ 2.

ರಿವಿಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ‘ಬ್ರಾಕೆಟ್_ರೆವ್‌ಎ’ಯನ್ನು ಸೇವ್ ಆಸ್ ಮಾಡಿ ‘ಬ್ರಾಕೆಟ್_ರೆವ್‌ಬಿ’ ಮಾಡಿದಾಗ ಏನಾಗುತ್ತದೆ? ಆಗ ತೆರೆದಿದ್ದ ಅಸೆಂಬ್ಲಿ ಹೊಸದಕ್ಕೆ ಹೊರಳುತ್ತದೆ. ಮುಚ್ಚಿದ್ದ ಅಸೆಂಬ್ಲಿಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ, ಯಾವ ದೂರೂ ಹೇಳದೆ. ಹಳೆಯ ಫೈಲ್ ಅಲ್ಲೇ ಇದೆಯಲ್ಲ, ದೂರು ಯಾಕೆ ಬರುತ್ತದೆ? ಆದ್ದರಿಂದ ಮಾಡೆಲ್ ಫೈಲಿನ ಹೆಸರಿನಲ್ಲಿ ರಿವಿಷನ್ ಬೇಡವೇ ಬೇಡ. ಹಳೆಯ ರಿವಿಷನ್ ಬೇಕು ಎಂದರೆ ಅದನ್ನು ಝಿಪ್ ಮಾಡಿ ಬೇರೆ ಕಡೆ ಇಡಿ. ಆದರೆ ಹೊರಗೆ ಕಳಿಸುವ ಪಿಡಿಎಫ್ ಮತ್ತು ಸ್ಟೆಪ್, ಡಿಎಕ್ಸ್‌ಎಫ್ (ಬೇರೆ ತಂತ್ರಾಂಶಗಳೂ ಓದುವ ರೂಪದ) ಫೈಲುಗಳ ಹೆಸರಿನಲ್ಲಿ ರಿವಿಷನ್ ಇರಲೇಬೇಕು. ಅವುಗಳ ಮೇಲೆ ಯಾವ ಅಸೆಂಬ್ಲಿಯೂ ನಿಂತಿಲ್ಲ. ಕತ್ತರಿಸುವವರ ಕೈಯಲ್ಲಿ ಯಾವುದು ಹೊಸದು ಎಂದು ಗೊತ್ತಾಗಲು ಹೆಸರೊಂದೇ ದಾರಿ. ರಿವಿಷನ್ನಿಗೆ ಅಕ್ಷರ ಬಳಸುವಾಗ ಐ, ಓ, ಕ್ಯೂ, ಎಸ್, ಎಕ್ಸ್, ಝಡ್ ಬಿಡುವ ಪದ್ಧತಿ ಅಮೆರಿಕದ ಎಎಸ್‌ಎಂಇ (ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಡ್ರಾಯಿಂಗ್ ಮಾನದಂಡದಲ್ಲಿದೆ. ಐ ಅಕ್ಷರ 1ರ ಹಾಗೆ, ಓ ಅಕ್ಷರ ಸೊನ್ನೆಯ ಹಾಗೆ, ಎಸ್ 5ರ ಹಾಗೆ ಕಾಣುತ್ತದೆ. ಆ ಜಾಣತನವನ್ನು ಫೈಲ್ ಹೆಸರಿಗೂ ತಂದುಕೊಳ್ಳಬಹುದು. ‘ಫೈನಲ್’ ಎಂಬ ಪದವನ್ನಂತೂ ಎಲ್ಲೂ ಬಳಸಬೇಡಿ.

ಇಲ್ಲಿ ಉದಾಹರಣೆಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಫೈಲಿಗೆ ಇಡುವಾಗ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಂಡರ್‌ಸ್ಕೋರ್ ಇಷ್ಟರಲ್ಲೇ ಇರಿ. ವಿಂಡೋಸ್ ಕನ್ನಡದ ಹೆಸರನ್ನು ಒಪ್ಪುತ್ತದೆ, ಆದರೆ ನಿಮ್ಮ ಫೈಲ್ ಮುಂದೆ ಹೋಗಿ ಸೇರುವ ಹಳೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರವೋ ಪ್ಲಗ್‌ಇನ್ನೋ ಒಪ್ಪದೇ ಇರಬಹುದು. ಕನ್ನಡದ ವಿವರಣೆ ಬೇಕೆಂದರೆ ಪ್ರಾಪರ್ಟಿಯಲ್ಲಿ ಬರೆಯಿರಿ. ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತಾ ಹೋಗುವುದೂ ಬೇಡ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರದಿಂದ ಫೈಲ್ ಹೆಸರಿನ ಕೊನೆಯವರೆಗೆ ಒಟ್ಟು 260 ಅಕ್ಷರಗಳ ಹಳೆಯ ಮಿತಿ ಇದೆ. ವಿಂಡೋಸ್ 10ರಿಂದ ಅದನ್ನು ಸಡಿಲಿಸುವ ಸೆಟ್ಟಿಂಗ್ ಬಂದಿದೆ, ಆದರೆ ತಂತ್ರಾಂಶವೂ ಅದಕ್ಕೆ ಒಗ್ಗಿರಬೇಕು.

ನೀವು ಬೇರೆ ಕ್ಯಾಡ್ ತಂತ್ರಾಂಶವನ್ನೂ ಮುಟ್ಟುತ್ತಿದ್ದರೆ, ಕಥೆ ಅದೇ, ಸ್ವಭಾವ ಬೇರೆ. ಕ್ರಿಯೋದಲ್ಲಿ ಹೆಸರಿಗೆ 31 ಅಕ್ಷರದ ಮಿತಿ, ಸ್ಪೇಸ್ ಒಪ್ಪುವುದಿಲ್ಲ. ಪ್ರತಿ ಸೇವ್‌ಗೂ ಫೈಲಿನ ಕೊನೆಗೆ .1, .2, .3 ಎಂದು ಸೇರುತ್ತಾ ಹೋಗುತ್ತದೆ. ಅಲ್ಲಿ ಹೆಸರು ಬದಲಿಸುವಾಗ ಅದನ್ನು ಬಳಸುವ ಅಸೆಂಬ್ಲಿ ಸೆಷನ್ನಿನಲ್ಲಿ ತೆರೆದಿರಬೇಕು, ಆಮೇಲೆ ಆ ಅಸೆಂಬ್ಲಿಯನ್ನೂ ಸೇವ್ ಮಾಡಬೇಕು. ಕ್ಯಾಟಿಯಾದಲ್ಲಿ ಫೈಲ್ ಹೆಸರು ಬೇರೆ, ಪಾರ್ಟ್ ನಂಬರ್ ಬೇರೆ, ಇನ್‌ಸ್ಟನ್ಸ್ (ಅಸೆಂಬ್ಲಿಯಲ್ಲಿ ಆ ಪಾರ್ಟ್ ಕೂತ ಒಂದೊಂದು ಸಲದ) ಹೆಸರು ಬೇರೆ. ಒಂದನ್ನು ಬದಲಿಸಿದರೆ ಉಳಿದವು ತಾವಾಗಿ ಬದಲಾಗುವುದಿಲ್ಲ. ಫ್ಯೂಷನ್‌ನಂಥ ಕ್ಲೌಡ್ ತಂತ್ರಾಂಶಗಳು ಫೈಲನ್ನು ಗುರುತಿಸುವುದು ಒಳಗಿನ ಒಂದು ಐಡಿಯಿಂದ, ಹೆಸರಿನಿಂದ ಅಲ್ಲ. ಅಲ್ಲಿ ಹೆಸರು ಬದಲಿಸಲು ಹೆದರಬೇಕಿಲ್ಲ. ಪಿಡಿಎಂ (ಡಿಸೈನ್ ಫೈಲುಗಳನ್ನು ನಿರ್ವಹಿಸುವ ತಂತ್ರಾಂಶ) ಬಳಸುವ ಕಡೆಯೂ ಹೀಗೆಯೇ, ವಾಲ್ಟ್ (ಅದರ ಫೈಲ್ ಭಂಡಾರ) ಒಳಗಿಂದ ಬದಲಿಸಿದರೆ ಕೊಂಡಿಗಳು ಉಳಿಯುತ್ತವೆ.

ಆಟೋಕ್ಯಾಡ್‌ನಲ್ಲಿ ಎಕ್ಸ್‌ರೆಫ್ (ಒಂದು ಡ್ರಾಯಿಂಗಿಗೆ ಕೊಂಡಿ ಹಾಕಿದ ಇನ್ನೊಂದು ಡ್ರಾಯಿಂಗ್ ಫೈಲ್) ಬಳಸುವವರಿಗೆ ಒಂದು ಸೂಕ್ಷ್ಮ ಹೇಳಬೇಕು. ಅಲ್ಲಿನ ರೀನೇಮ್ ಕಮಾಂಡ್ ಲೇಯರ್, ಬ್ಲಾಕ್ ಮುಂತಾದವುಗಳ ಹೆಸರಿಗೆ, ಫೈಲಿಗಲ್ಲ. ಎಕ್ಸ್‌ರೆಫ್‌ಗೆ ಡ್ರಾಯಿಂಗ್ ಒಳಗೊಂದು ಹೆಸರು ಇರುತ್ತದೆ, ಅದರ ಜೊತೆ ಫೈಲಿನ ದಾರಿ ಬೇರೆಯಾಗಿ ಇರುತ್ತದೆ. ಫೈಲಿನ ಹೆಸರು ಬದಲಾಗಿದ್ದರೆ ದಾರಿಯನ್ನು ಮಾತ್ರ ತಿದ್ದಿ. ಡಿಟ್ಯಾಚ್ ಮಾಡಿ ಮತ್ತೆ ಅಟ್ಯಾಚ್ ಮಾಡಿದರೆ, ಆ ಎಕ್ಸ್‌ರೆಫ್‌ನ ಲೇಯರ್‌ಗಳಿಗೆ ನೀವು ಕೊಟ್ಟಿದ್ದ ಬಣ್ಣ, ಆಫ್, ಫ್ರೀಜ್ ಎಲ್ಲ ಹೋಗುತ್ತದೆ. ದಾರಿ ತಿದ್ದಬೇಕಾದ ಫೈಲುಗಳು ಬಹಳ ಇದ್ದರೆ ಅದಕ್ಕೆಂದೇ ರೆಫರೆನ್ಸ್ ಮ್ಯಾನೇಜರ್ ಎಂಬ ಪ್ರತ್ಯೇಕ ಸಾಧನ ಇದೆ. ಕಟ್ಟಡದ ಕೆಲಸದಲ್ಲಿರುವವರು 2018ರಲ್ಲಿ ಬಂದ ಐಎಸ್‌ಒ 19650 ಮಾನದಂಡವನ್ನು ನೋಡಿ. ಅದರ ಬ್ರಿಟಿಷ್ ಅನುಬಂಧದಲ್ಲಿ ಪ್ರಾಜೆಕ್ಟ್, ಮಾಡಿದವರು, ಕಟ್ಟಡದ ಭಾಗ, ಮಹಡಿ ಮುಂತಾದವನ್ನು ಅಡ್ಡಗೆರೆಯಿಂದ ಬೇರೆ ಮಾಡಿ ಹೆಸರಿಡುವ ಕ್ರಮ ಇದೆ. ರಿವಿಷನ್ ಮತ್ತು ಸ್ಟೇಟಸ್ ಅಲ್ಲೂ ಹೆಸರಿನಿಂದ ಹೊರಗೇ ಇವೆ.

ಈಗ ನಿಮ್ಮ ಫೋಲ್ಡರಿಗೆ ವಾಪಸ್ ಬರೋಣ. ಹಳೆಯ ಹೆಸರುಗಳು ಬಂದಿವೆ, ಅಸೆಂಬ್ಲಿ ಪೂರ್ತಿ ತೆರೆಯುತ್ತಿದೆ, ಹೊಸ ಕ್ರಮವೂ ಗೊತ್ತಾಗಿದೆ. ಒಂದೆರಡು ಪಾರ್ಟಿನ ಹೆಸರು ಮಾತ್ರ ಬದಲಿಸುವುದಾಗಿದ್ದರೆ ಅಸೆಂಬ್ಲಿ ತೆರೆದು ಟ್ರೀಯಲ್ಲೇ ಬಲಗುಂಡಿ ಒತ್ತಿ ರೀನೇಮ್ ಪಾರ್ಟ್ ಮಾಡಿದರೆ ಸಾಕು. ಫೀಚರ್ ಮ್ಯಾನೇಜರ್ ಸೆಟ್ಟಿಂಗಿನಲ್ಲಿ ಅದಕ್ಕೆ ಅನುಮತಿ ಇರಬೇಕು ಅಷ್ಟೇ. ಫೈಲಿನ ಹೆಸರು ನಿಜಕ್ಕೂ ಬದಲಾಗುವುದು ನೀವು ಅಸೆಂಬ್ಲಿ ಸೇವ್ ಮಾಡಿದಾಗ. ಆಗ ಬರುವ ಪೆಟ್ಟಿಗೆಯಲ್ಲಿ, ಇದನ್ನು ಬಳಸುವ ಬೇರೆ ಫೈಲುಗಳನ್ನೂ ತಿದ್ದು ಎಂಬ ಆಯ್ಕೆಗೆ ಗುರುತು ಹಾಕಿ.

140ಕ್ಕೆ ಅದು ಬೇಡ. ಪ್ಯಾಕ್ ಅಂಡ್ ಗೋ ಬಳಸಿ. ಮೇಲಿನ ಅಸೆಂಬ್ಲಿಯನ್ನು ತೆರೆದು ಫೈಲ್ ಮೆನುವಿನಿಂದ ಅದನ್ನು ಒತ್ತಿದರೆ ಎಲ್ಲ ಫೈಲುಗಳ ಪಟ್ಟಿ ಬರುತ್ತದೆ. ಡ್ರಾಯಿಂಗ್‌ಗಳನ್ನು ಸೇರಿಸು ಎಂಬ ಗುರುತು ಹಾಕಿ. ಪಟ್ಟಿಯಲ್ಲಿ ಪ್ರತಿ ಡ್ರಾಯಿಂಗೂ ಬಂದಿದೆಯೇ ಎಂದು ಎಣಿಸಿ. ಬೇರೆ ಫೋಲ್ಡರಿನಲ್ಲಿರುವ ಡ್ರಾಯಿಂಗ್ ಬರದೇ ಇರಬಹುದು, ಅಂಥವನ್ನು ಮೊದಲೇ ಮಾಡೆಲ್‌ಗಳ ಪಕ್ಕಕ್ಕೆ ತಂದಿಡಿ. ಹೊಸ ಹೆಸರಿನ ಕಾಲಂನಲ್ಲಿ ಒಂದೊಂದನ್ನೂ ಎರಡು ಸಲ ಒತ್ತಿ ಹೊಸ ಸಂಖ್ಯೆ ಕೊಡಿ. ಡ್ರಾಯಿಂಗಿಗೆ ಅದರ ಪಾರ್ಟಿನ ಹೆಸರನ್ನೇ ಕೊಡಿ. ಹಾಗಿದ್ದರೆ ಪಾರ್ಟಿನ ಮೇಲೆ ಬಲಗುಂಡಿ ಒತ್ತಿ ನೇರವಾಗಿ ಡ್ರಾಯಿಂಗ್ ತೆರೆಯಬಹುದು. ಹೊಸ ಖಾಲಿ ಫೋಲ್ಡರಿಗೆ ಉಳಿಸಿ. ಇದು ಮೂಲವನ್ನು ಮುಟ್ಟುವುದಿಲ್ಲ. ಹೊಸ ಹೆಸರಿನ ನಕಲು ಮಾಡಿ, ಅದರೊಳಗಿನ ಕೊಂಡಿಗಳನ್ನೆಲ್ಲ ಹೊಸ ಹೆಸರಿಗೆ ತಿದ್ದುತ್ತದೆ. ಟೂಲ್‌ಬಾಕ್ಸ್‌ನ (ಸಾಲಿಡ್‌ವರ್ಕ್ಸ್‌ನ ಸಿದ್ಧ ಪಾರ್ಟ್‌ಗಳ ಸಂಗ್ರಹದ) ಬೋಲ್ಟು ನಟ್ಟುಗಳ ಹೆಸರು ಮಾತ್ರ ಬದಲಿಸಬೇಡಿ.

ಆಮೇಲೆ ಒಂದು ಪರೀಕ್ಷೆ ಮಾಡಿ. ಸಾಲಿಡ್‌ವರ್ಕ್ಸ್ ಪೂರ್ತಿ ಮುಚ್ಚಿ. ಹಳೆಯ ಫೋಲ್ಡರನ್ನು ಝಿಪ್ ಮಾಡಿ, ಝಿಪ್ ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಬಿಡಿ ಫೈಲುಗಳನ್ನು ಆ ಜಾಗದಿಂದ ತೆಗೆದುಬಿಡಿ. ಬಿಡಿ ಫೈಲುಗಳು ಅಲ್ಲೇ ಇದ್ದರೆ ಯಾವುದಾದರೂ ಕೊಂಡಿ ಹಳೆಯದಕ್ಕೇ ಅಂಟಿಕೊಂಡಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಈಗ ಹೊಸ ಫೋಲ್ಡರಿನ ಅಸೆಂಬ್ಲಿ ತೆರೆಯಿರಿ. ಯಾವ ಪ್ರಶ್ನೆಯನ್ನೂ ಕೇಳದೆ ತೆರೆದರೆ ಫೈಂಡ್ ರೆಫರೆನ್ಸಸ್‌ನಲ್ಲಿ ಎಲ್ಲ ದಾರಿಗಳೂ ಹೊಸ ಫೋಲ್ಡರಿನವೇ ಎಂದು ನೋಡಿ. ಆಮೇಲೆ ಒಂದೊಂದೇ ಡ್ರಾಯಿಂಗ್ ತೆರೆಯಿರಿ. ಯಾವುದಾದರೂ ಅಳತೆ ಬೇರೆ ಬಣ್ಣಕ್ಕೆ ತಿರುಗಿದ್ದರೆ ಆ ಒಂದು ಪಾರ್ಟ್ ತಪ್ಪಾಗಿ ಹೊಂದಿಕೆಯಾಗಿದೆ. ಝಿಪ್‌ನಿಂದ ಮೂಲ ಫೋಲ್ಡರನ್ನು ಬಿಡಿಸಿ, ಹಳೆಯ-ಹೊಸ ಹೆಸರಿನ ಪಟ್ಟಿಯಲ್ಲಿ ಆ ಸಾಲನ್ನು ಮತ್ತೊಮ್ಮೆ ನೋಡಿ.